ಕಕಾಡುವಿನ ಕಲ್ಲುಸೀಮೆಗೆ ಹೊರಟವರಿಗೆ: ಜಲಪಾತ, ಬಂಡೆಚಿತ್ರ ಮತ್ತು ಕೇಳಿ ಹೋಗುವ ದಾರಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೆಲ್ಬರ್ನ್‌ನಲ್ಲಿದ್ದೇವೆ, ಊರು ಮಲೆನಾಡಿನ ಸಾಗರದ ಹತ್ತಿರ. ಕುಮಾರ ಪರ್ವತ, ಕುದುರೆಮುಖ ಎಲ್ಲ ಹತ್ತಿದ ಅಭ್ಯಾಸ ಇದೆ. ಜುಲೈ ಮೊದಲ ವಾರ ಶಾಲೆಗೆ ರಜೆ. ನಾನು, ನನ್ನ ಹೆಂಡತಿ, 14 ವರ್ಷದ ಮಗಳು ಆಸ್ಟ್ರೇಲಿಯಾದ ಉತ್ತರದ ಕಕಾಡು ಉದ್ಯಾನಕ್ಕೆ ಹೋಗಬೇಕು ಅಂತಿದ್ದೇವೆ. ಬಸ್ಸುಗಳು ನಿಲ್ಲುವ ಜಾಗ ಬೇಡ. ಯಾರೂ ಹೋಗದ ಜಲಪಾತ, ಯಾರೂ ನೋಡದ ಬಂಡೆಚಿತ್ರ ನೋಡುವ ಆಸೆ. ಎರಡು ರಾತ್ರಿ ಬೆನ್ನ ಮೇಲೆ ಟೆಂಟ್ ಹೊತ್ತು ನಡೆಯಲೂ ತಯಾರಿದ್ದೇವೆ. ಮೊಸಳೆ ಭಯ ಎಷ್ಟರಮಟ್ಟಿಗೆ ನಿಜ? ಏನೇನು ಒಯ್ಯಬೇಕು? ಒಳ್ಳೆಯ ಚಿತ್ರ ಇರುವ ಒಂದೆರಡು ಜಾಗದ ಜಿಪಿಎಸ್ ಗುರುತು ಕಳಿಸ್ತೀರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜಿಪಿಎಸ್ ಗುರುತು ಕಳಿಸುವುದಿಲ್ಲ. ನನ್ನ ಹತ್ತಿರ ಇಲ್ಲ ಅಂತಲ್ಲ, ಇಲ್ಲಿಯ ಡಾರ್ವಿನ್ ನಗರಕ್ಕೆ ಬಂದು ಹದಿನೈದು ವರ್ಷವಾಯಿತು, ಪ್ರತಿ ಒಣಗಾಲ ಆ ಕಲ್ಲುಗಳ ಮಧ್ಯೆ ನಡೆದಿದ್ದೇನೆ, ಕಂಡದ್ದು ಕಂಡಿದ್ದೇನೆ. ಆದರೆ ಅದು ನಾನು ಹಂಚಬಹುದಾದ ಸೊತ್ತಲ್ಲ. ನೀವು ನಾಗಬನ ನೋಡಿದ್ದೀರಿ, ಅಲ್ವಾ? ಬೇಲಿ ಇಲ್ಲ, ಬೀಗ ಇಲ್ಲ. ಆದರೂ ಊರಿನವರು ಅಲ್ಲಿಯ ಒಂದು ಕಡ್ಡಿ ಮುರಿಯುವುದಿಲ್ಲ, ಒಳಗೆ ಯಾರು ಹೋಗಬೇಕು ಯಾವಾಗ ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದ ಒಬ್ಬರು ‘ಯಾರೂ ನೋಡದ ಬನ ಇದ್ದರೆ ಗುರುತು ಕೊಡಿ’ ಅಂತ ಕೇಳಿದರೆ ಹೇಗಿರುತ್ತೆ ಯೋಚಿಸಿ. ಕಕಾಡುವಿನಲ್ಲಿ ‘ಯಾರೂ ನೋಡದ’ ಚಿತ್ರ ಅನ್ನುವುದೇ ಇಲ್ಲ. ಪ್ರತಿ ಕಣಿವೆಗೂ ಒಂದು ಮನೆತನ ಇದೆ. ಆ ನೆಲದ ಪರವಾಗಿ ಮಾತಾಡುವ ಹಕ್ಕು ಅವರದ್ದು.

ನಿಮ್ಮ ಆಸೆ ತಪ್ಪು ಅನ್ನುತ್ತಿಲ್ಲ. ಜನಜಂಗುಳಿ ಇಲ್ಲದೆ, ಸುಮ್ನೆ ಒಂದು ಕಲ್ಲಿನ ಕೆಳಗೆ ಕೂತು ಆ ಗೆರೆಗಳನ್ನು ನೋಡಬೇಕು ಅನ್ನುವುದು ನನಗೂ ಇರುವ ಆಸೆಯೇ. ಅದಕ್ಕೆ ದಾರಿ ಇದೆ. ಕೇಳಿ ಹೋಗುವ ದಾರಿ. ಅದನ್ನೇ ಹೇಳುತ್ತೇನೆ.

ಮೊದಲು ನೆಲದ ಲೆಕ್ಕ ತಿಳಿದುಕೊಳ್ಳಿ. ಡಾರ್ವಿನ್‌ನಿಂದ ಜಬಿರು ಪಟ್ಟಣಕ್ಕೆ ಸುಮಾರು 250 ಕಿಲೋಮೀಟರ್, ಮೂರು ಗಂಟೆ ದಾರಿ. ಕಕಾಡು ರಾಷ್ಟ್ರೀಯ ಉದ್ಯಾನ ಹತ್ತಿರ ಹತ್ತಿರ 20,000 ಚದರ ಕಿಲೋಮೀಟರ್. 1979ರಲ್ಲಿ ಘೋಷಣೆಯಾಯಿತು, 1981ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಅದೂ ಪ್ರಕೃತಿ ಮತ್ತು ಸಂಸ್ಕೃತಿ ಎರಡೂ ಕಾರಣಕ್ಕೆ. ಉದ್ಯಾನದ ಉತ್ತರಭಾಗದ ಮೂಲನಿವಾಸಿಗಳು ತಮ್ಮನ್ನು ಬಿನಿಂಜ್ ಅನ್ನುತ್ತಾರೆ, ದಕ್ಷಿಣದವರು ಮುಂಗುಯ್. ಉದ್ಯಾನದ ಆಡಳಿತ ಮಂಡಳಿಯಲ್ಲಿ ಅವರೇ ಬಹುಸಂಖ್ಯಾತರು. ಪೂರ್ವಕ್ಕೆ ಅರ್ನೆಮ್ ಲ್ಯಾಂಡ್‌ನ ಮರಳುಗಲ್ಲಿನ ಪ್ರಸ್ಥಭೂಮಿ. ಅದರ ಅಂಚು ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಗೋಡೆಯ ಹಾಗೆ ನಿಂತಿದೆ, ಕೆಲವು ಕಡೆ 300 ಮೀಟರ್‌ಗಿಂತ ಜಾಸ್ತಿ ಎತ್ತರ. ಕಲ್ಲಿನ ವಯಸ್ಸು 160 ಕೋಟಿ ವರ್ಷಕ್ಕೂ ಹೆಚ್ಚು. ಜಲಪಾತಗಳೆಲ್ಲ ಈ ಗೋಡೆಯಿಂದ ಬೀಳುತ್ತವೆ, ಚಿತ್ರಗಳೆಲ್ಲ ಈ ಗೋಡೆಯ ಬುಡದ, ಬಿರುಕಿನ, ಒಂಟಿ ಗುಡ್ಡಗಳ ಕಲ್ಲಾಸರೆಗಳಲ್ಲಿವೆ. ಬಾದಾಮಿಯ ಹಿಂದಿನ ಗುಡ್ಡಗಳಲ್ಲಿ ಸುತ್ತಿದ್ದರೆ ನಿಮಗೆ ಆ ಕಲ್ಲಿನ ಗುಣ ಗೊತ್ತಿರುತ್ತದೆ. ಪದರ ಪದರವಾಗಿ ಸೀಳು ಬಿಡುವ, ಬಿಸಿಲಿಗೆ ಕೆಂಪೇರುವ, ಕೈ ಸವರಿದರೆ ಮರಳು ಉದುರುವ ಕಲ್ಲು.

ಈ ನೆಲದಲ್ಲಿ ‘ಹೋಗಬೇಡಿ’ ಅನ್ನುವ ಮಾತಿಗೆ ತೂಕ ಇದೆ. ದಕ್ಷಿಣದ ಜವೊಯ್ನ್ ಜನರ ಭಾಗದಲ್ಲಿ ಬುಲಾ ಅನ್ನುವ ಆದಿಪೂರ್ವಜ ನೆಲದೊಳಗೆ ಮಲಗಿದ್ದಾನೆ, ಕೆದಕಿದರೆ ಕಾಯಿಲೆ ಬರುತ್ತದೆ ಅನ್ನುವ ನಂಬಿಕೆ. ಆ ಪ್ರದೇಶವನ್ನು ‘ಕಾಯಿಲೆಯ ನಾಡು’ ಅಂತಲೇ ಕರೆಯುತ್ತಾರೆ. ಭೂವಿಜ್ಞಾನಿಗಳು ನೋಡಿದಾಗ ಅಲ್ಲಿಯ ಕಲ್ಲಿನಲ್ಲಿ ಯುರೇನಿಯಂ ಸಿಕ್ಕಿತು. ಅಲ್ಲಿಯ ಗುರಾಟ್ಬ ಗುಡ್ಡದಲ್ಲಿ ಗಣಿ ಮಾಡುವ ಯೋಜನೆಯನ್ನು 1991ರಲ್ಲಿ ಆಗಿನ ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ನಿಲ್ಲಿಸಿತು. ಇನ್ನೊಂದು ಈಚಿನದು. ಗುನ್ಲೋಮ್ ಜಲಪಾತದ ಹತ್ತಿರ 2019ರಲ್ಲಿ ಉದ್ಯಾನದ ಆಡಳಿತವೇ ಪವಿತ್ರ ಜಾಗದ ಪಕ್ಕಕ್ಕೆ ಕಾಲುದಾರಿ ಕಟ್ಟಿಬಿಟ್ಟಿತು, ಕೇಳಬೇಕಾದವರನ್ನು ಸರಿಯಾಗಿ ಕೇಳಿರಲಿಲ್ಲ. ಆ ಕೇಸು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಿ 2024ರಲ್ಲಿ ತೀರ್ಪು ಬಂತು, ಜಾಗ ವರ್ಷಗಟ್ಟಲೆ ಮುಚ್ಚಿತ್ತು. ಉದ್ಯಾನ ನಡೆಸುವವರಿಗೇ ಹೀಗಾದರೆ, ಫೋನಿನಲ್ಲಿ ಒಂದು ಚುಕ್ಕೆ ಹಿಡಿದು ಹೊರಡುವ ನಮಗೆ ಎಲ್ಲಿ ಕಾಲಿಡುತ್ತಿದ್ದೇವೆ ಅಂತ ಹೇಗೆ ಗೊತ್ತಾಗಬೇಕು?

ಈಗ ಚಿತ್ರಗಳ ವಿಷಯ. ‘ಬಸ್ಸು ನಿಲ್ಲುವ ಜಾಗ ಬೇಡ’ ಅಂದಿರಲ್ಲ, ಅದನ್ನು ಸ್ವಲ್ಪ ಬದಲಾಯಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಬಸ್ಸು ನಿಲ್ಲುವ ಚಿತ್ರಗುಡ್ಡಗಳಾದ ಉಬಿರ್ ಮತ್ತು ಬುರುಂಗ್ಕುಯ್ ಎರಡನ್ನೂ ನೋಡದೆ ಒಳಕಾಡಿಗೆ ಹೋದರೆ, ನಡುವೆ ಎಲ್ಲೋ ಚಿತ್ರ ಕಂಡರೂ ಅದು ಏನು ಹೇಳುತ್ತಿದೆ ಅಂತ ತಿಳಿಯುವುದಿಲ್ಲ. ಆ ಎರಡು ಜಾಗಗಳು ನಿಮಗೆ ಓದಲು ಕಲಿಸುತ್ತವೆ. ಬಸ್ಸು ಬರುವ ಮೊದಲು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಅರ್ಧ ಗಂಟೆ ನೀವು ಮೂವರೇ ಇರುತ್ತೀರಿ.

ಉಬಿರ್‌ನ ಮುಖ್ಯ ಗೋಡೆಯಲ್ಲಿ ಮೀನುಗಳಿವೆ. ಬಾರಮಂಡಿ, ಕ್ಯಾಟ್‌ಫಿಶ್, ಮಲ್ಲೆಟ್. ಹೊರಗಿನ ಆಕಾರ ಮಾತ್ರ ಅಲ್ಲ, ಒಳಗಿನ ಬೆನ್ನುಮೂಳೆ, ಗಾಳಿಚೀಲ ಎಲ್ಲ ಬಿಡಿಸಿದ್ದಾರೆ. ಇದಕ್ಕೆ ಎಕ್ಸ್-ರೇ ಶೈಲಿ ಅನ್ನುತ್ತಾರೆ. ಮೀನನ್ನು ಕೈಯಾರೆ ಹಿಡಿದು, ಕೊಯ್ದು, ಹಂಚಿ ತಿಂದವರು ಮಾತ್ರ ಬಿಡಿಸಬಲ್ಲ ಚಿತ್ರ ಅದು. ಒಂದು ಮೀನಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೆಳಗಿನ ಕೆಂಪು ಗೆರೆ ಮೇಲಿನ ಬಿಳಿಯಿಂದ ಇಣುಕುತ್ತದೆ. ಕೆಮ್ಮಣ್ಣು ಕಲ್ಲಿನೊಳಕ್ಕೆ ಇಳಿಯುತ್ತದೆ, ಸಾವಿರಾರು ವರ್ಷ ಉಳಿಯುತ್ತದೆ. ಬಿಳಿ ಮಣ್ಣು ಮೇಲೇ ಕೂತಿರುತ್ತದೆ, ಬೇಗ ಉದುರುತ್ತದೆ. ಅದಕ್ಕೇ ತುಂಬಾ ಹಳೆಯ ಚಿತ್ರಗಳು ಬರೀ ಕೆಂಪಾಗಿ ಕಾಣುವುದು. ಆಗ ಬೇರೆ ಬಣ್ಣ ಇರಲಿಲ್ಲ ಅಂತಲ್ಲ.

ಅಲ್ಲೇ ಹತ್ತಿರ ಥೈಲಸೀನ್ ಚಿತ್ರ ಒಂದಿದೆ. ಬೆನ್ನಿಗೆ ಪಟ್ಟೆ ಇರುವ, ನಾಯಿಯ ಹಾಗೆ ಕಾಣುವ, ಹೊಟ್ಟೆಚೀಲದ ಪ್ರಾಣಿ. ಟಾಸ್ಮೇನಿಯಾದ ಕೊನೆಯದು 1936ರಲ್ಲಿ ಮೃಗಾಲಯದಲ್ಲಿ ಸತ್ತಿತು. ಆದರೆ ಆಸ್ಟ್ರೇಲಿಯಾದ ಮುಖ್ಯ ನೆಲದಿಂದ ಅದು ಮರೆಯಾಗಿ 2,000 ವರ್ಷಕ್ಕಿಂತ ಜಾಸ್ತಿಯಾಗಿದೆ. ಅಂದರೆ ಆ ಗೆರೆ ಎಳೆದವರು ಅದನ್ನು ಕಣ್ಣಾರೆ ಕಂಡವರು. ಅದೇ ಗುಡ್ಡದಲ್ಲಿ ಜೇಬಿಗೆ ಕೈ ಹಾಕಿ ನಿಂತ ಬಿಳಿಯನ ಚಿತ್ರವೂ ಇದೆ. ಕತ್ತೆತ್ತಿದರೆ, ಯಾವ ಏಣಿಗೂ ಎಟುಕದ ಎತ್ತರದಲ್ಲಿ, ಮುಂಚಾಚಿದ ಚಾವಣಿಯ ಅಡಿಯಲ್ಲಿ ಇನ್ನಷ್ಟು ಚಿತ್ರ. ಅದನ್ನು ಬಿಡಿಸಿದ್ದು ಮಿಮಿಗಳು, ಕಲ್ಲಿನ ಬಿರುಕುಗಳಲ್ಲಿ ವಾಸ ಮಾಡುವ, ಕಡ್ಡಿಯಷ್ಟು ತೆಳ್ಳಗಿನ ಜೀವಿಗಳು. ಅವು ಆ ಕಲ್ಲನ್ನೇ ಕೆಳಗೆ ಎಳೆದು, ಚಿತ್ರ ಬಿಡಿಸಿ, ಮತ್ತೆ ಮೇಲಕ್ಕೆ ಇಟ್ಟವು ಅಂತ ಬಿನಿಂಜ್ ಜನ ಹೇಳುತ್ತಾರೆ.

ಬುರುಂಗ್ಕುಯ್‌ನಲ್ಲಿ, ಹಳೆಯ ನಕ್ಷೆಗಳಲ್ಲಿ ನೂರ್ಲಾಂಜಿ ಅಂತ ಇರುತ್ತದೆ, ನಮರ್ಗೊನ್ ಇದ್ದಾನೆ. ಸಿಡಿಲಿನ ಒಡೆಯ. ಕೈಯಿಂದ ತಲೆಯ ಮೇಲೆ ಹಾದು ಕಾಲಿನ ತನಕ ಬಾಗಿದ ಬಿಳಿ ಗೆರೆ ಇದೆಯಲ್ಲ, ಅದು ಮಿಂಚು. ಮಂಡಿ, ಮೊಣಕೈಗೆಲ್ಲ ಕಲ್ಲಿನ ಕೊಡಲಿ ಕಟ್ಟಿಕೊಂಡಿದ್ದಾನೆ, ಅದರಿಂದ ಮೋಡಕ್ಕೆ ಹೊಡೆದರೆ ಗುಡುಗು. ಅವನ ಮಕ್ಕಳು ಅಲ್ಯುರ್ ಅನ್ನುವ ಮಿಡತೆಗಳು. ಕಿತ್ತಳೆ ಮತ್ತು ನೀಲಿ ಬಣ್ಣದ, ನಂಬಲಾಗದಷ್ಟು ಚೆಂದದ ಮಿಡತೆ. ಮೊದಲ ಗುಡುಗಿನ ಕಾಲಕ್ಕೆ ಕಲ್ಲುಸೀಮೆಯ ಪೊದೆಗಳಲ್ಲಿ ಕಾಣಿಸುತ್ತವೆ, ಅಪ್ಪನನ್ನು ಹುಡುಕಿಕೊಂಡು ಬರುತ್ತವೆ ಅಂತಾರೆ. ನಮ್ಮ ಬಾದಾಮಿ ಹತ್ತಿರದ ಸಿಡ್ಲಫಡಿ ನೆನಪಾಗುತ್ತದೆ ನನಗೆ. ಅದೂ ಮರಳುಗಲ್ಲಿನ ಆಸರೆ, ಅದರಲ್ಲೂ ಇತಿಹಾಸಪೂರ್ವ ಕಾಲದ ಕೆಂಪು ಚಿತ್ರಗಳು, ಹೆಸರಲ್ಲೇ ಸಿಡಿಲು. ಆದರೆ ಸಿಡ್ಲಫಡಿಯಲ್ಲಿ ಬಿಡಿಸಿದವರು ಯಾರು, ಯಾಕೆ ಬಿಡಿಸಿದರು ಅಂತ ಹೇಳುವವರು ಈಗ ಯಾರೂ ಇಲ್ಲ. ಬುರುಂಗ್ಕುಯ್‌ನಲ್ಲಿ ಇದ್ದಾರೆ. ಅಲ್ಲಿಯ ಈಗ ಕಾಣುವ ಚಿತ್ರಗಳಲ್ಲಿ ಎಷ್ಟೋ ಭಾಗವನ್ನು 1960ರ ದಶಕದ ಮೊದಲರ್ಧದಲ್ಲಿ ನಯೊಂಬೊಲ್ಮಿ ಅನ್ನುವ ಹಿರಿಯ ಕಲಾವಿದರು ಬಿಡಿಸಿದ್ದು, ಹಳೆಯದರ ಮೇಲೆ, ಹಕ್ಕಿನಿಂದ. ವ್ಯತ್ಯಾಸ ಅಲ್ಲಿದೆ. ನೀವು ನೋಡುತ್ತಿರುವುದು ಅಳಿದವರು ಬಿಟ್ಟುಹೋದ ಕುರುಹಲ್ಲ, ಇರುವವರ ಮನೆಯ ಗೋಡೆ.

ಅಲ್ಲಿ ನಿಂತಾಗ ಮಗಳಿಗೆ ಒಂದು ವಸ್ತು ತೋರಿಸಿ. ಚಿತ್ರದ ಮೇಲ್ಭಾಗದಲ್ಲಿ, ಕಲ್ಲಿಗೆ ಅಂಟಿಕೊಂಡು ಒಂದು ತೆಳ್ಳನೆ ಅಂಟಿನ ಗೆರೆ ಓಡುತ್ತದೆ. ಗಮನವಿಟ್ಟು ನೋಡದಿದ್ದರೆ ಕಾಣುವುದೇ ಇಲ್ಲ. ಅದು ಸಿಲಿಕೋನ್. ಮಳೆಗಾಲದಲ್ಲಿ ಬಂಡೆಯ ಮೇಲಿನಿಂದ ಇಳಿದು ಬರುವ ನೀರು ಚಿತ್ರದ ಮೇಲೆ ಹರಿಯದೆ ಆ ಗೆರೆಗೆ ತಾಗಿ ತೊಟ್ಟಿಕ್ಕಿ ಪಕ್ಕಕ್ಕೆ ಬೀಳಲಿ ಅಂತ ರೇಂಜರ್‌ಗಳು ಹಚ್ಚಿದ್ದು. ನಮ್ಮ ಕಿಟಕಿಯ ಮೇಲಿನ ಸಜ್ಜಾ ಮಾಡುವ ಕೆಲಸವನ್ನೇ ಆ ಗೆರೆ ಮಾಡುತ್ತದೆ. ನೀರು ಮಾತ್ರ ಅಲ್ಲ, ಮಣ್ಣಿನ ಗೂಡು ಕಟ್ಟುವ ಕಣಜ, ಗೋಡೆಗೆ ಮೈ ಉಜ್ಜುವ ಕಾಡೆಮ್ಮೆ, ಹಂದಿ, ನಮ್ಮ ಕಾಲಿನಿಂದ ಏಳುವ ಧೂಳು, ಎಲ್ಲವೂ ಚಿತ್ರಕ್ಕೆ ಶತ್ರು. ಬಣ್ಣ ಎದ್ದು ಕಾಣಲಿ ಅಂತ ಒಬ್ಬರು ಬಾಟಲಿಯಿಂದ ನೀರು ಚಿಮುಕಿಸಿ ಫೋಟೊ ತೆಗೆದದ್ದನ್ನು ನನ್ನ ಕಣ್ಣೆದುರೇ ನೋಡಿದ್ದೇನೆ. ಒಂದು ಫೋಟೊಗಾಗಿ ಆ ಬಿಳಿ ಬಣ್ಣ ಎಷ್ಟು ಉದುರಿತೋ. ಆ ದಿನದ ಸಂಕಟ ಇನ್ನೂ ಹೋಗಿಲ್ಲ. ಬೆನ್ನಿನ ಚೀಲ ಹೊರಗೇ ಇಳಿಸಿ ಒಳಗೆ ಹೋಗಿ. ತಿರುಗುವಾಗ ಗೋಡೆಗೆ ತಾಗುವುದು ಚೀಲವೇ.

ಜನ ಕಮ್ಮಿ ಇರುವ ಜಾಗ ಬೇಕು ಅಂದರೆ ನಂಗುಲುವೂರ್‌ಗೆ ಹೋಗಿ. ಬುರುಂಗ್ಕುಯ್ ಗುಡ್ಡದ ಹಿಂಭಾಗ, ಹೋಗಿಬರಲು ಮೂರೂವರೆ ಕಿಲೋಮೀಟರ್. ಸಮತಟ್ಟು ದಾರಿ. ಬಸ್ಸು ಬರುವುದಿಲ್ಲ. ಅಲ್ಲಿ ಎರಡು ಕೂವೆಗಂಬದ ಹಾಯಿಹಡಗಿನ ಚಿತ್ರ ಇದೆ, ಲಂಗರಿನ ಸರಪಳಿ, ಹಿಂದೆ ಕಟ್ಟಿಕೊಂಡ ಪುಟ್ಟ ದೋಣಿ ಸಮೇತ. ಸಮುದ್ರ ದೂರ, ಯಾರೋ ನಡೆದು ಹೋಗಿ ಕಂಡುಬಂದು ಮನೆಯವರಿಗೆ ತೋರಿಸಲು ಬಿಡಿಸಿದ ಹಾಗಿದೆ. ಪಕ್ಕದಲ್ಲೇ ಕೈಯಚ್ಚುಗಳು. ಬಾಯಲ್ಲಿ ಬಣ್ಣ ತುಂಬಿಕೊಂಡು ಕೈಯ ಸುತ್ತ ಊದಿದ್ದು.

ನಿಮ್ಮ ನಿಜವಾದ ಆಸೆಗೆ ನನ್ನ ಉತ್ತರ ಮಾತ್ರ ಇಂಜಲಾಕ್ ಗುಡ್ಡ. ಉಬಿರ್ ಪಕ್ಕದಲ್ಲೇ ಈಸ್ಟ್ ಅಲಿಗೇಟರ್ ನದಿ. ಅದನ್ನು ಕಹಿಲ್ಸ್ ಕ್ರಾಸಿಂಗ್ ಅನ್ನುವ ಮುಳುಗುಸೇತುವೆಯಲ್ಲಿ ದಾಟಿದರೆ ಅರ್ನೆಮ್ ಲ್ಯಾಂಡ್, ಅಲ್ಲಿಂದ ಮುಂದೆ ಗುನ್ಬಲಾನ್ಯ ಊರು. ಅಲ್ಲಿ ಊರಿನವರದ್ದೇ ಕಲಾಕೇಂದ್ರ ಇದೆ, ಇಂಜಲಾಕ್ ಆರ್ಟ್ಸ್. ಅವರ ಮಾರ್ಗದರ್ಶಿಗಳು ಗುಡ್ಡ ಹತ್ತಿಸಿ, ಕಲ್ಲುಗಳ ಸಂದಿಯಲ್ಲಿ ನುಸುಳಿಸಿ, ತಮ್ಮವರ ಚಿತ್ರಗಳನ್ನು ತಾವೇ ತೋರಿಸುತ್ತಾರೆ. ಕಟಕಟೆ ಇಲ್ಲ, ಬೋರ್ಡು ಇಲ್ಲ. ಕೆಳಗಿಳಿದರೆ ಅದೇ ಎಕ್ಸ್-ರೇ ಮೀನನ್ನು ಒಬ್ಬರು ಹುಲ್ಲಿನೆಳೆಯಂಥ ಕುಂಚ ಹಿಡಿದು ಕಾಗದದ ಮೇಲೆ ಬಿಡಿಸುತ್ತಾ ಕೂತಿರುತ್ತಾರೆ, ಹೆಂಗಸರು ಕೇದಗೆ ಜಾತಿಯ ಗರಿಯಲ್ಲಿ ಬುಟ್ಟಿ ಹೆಣೆಯುತ್ತಿರುತ್ತಾರೆ. ಅಲ್ಲಿ ಒಂದು ಚಿತ್ರ ಕೊಂಡರೆ ದುಡ್ಡು ಬಿಡಿಸಿದವರಿಗೇ ಹೋಗುತ್ತದೆ. ಆ ಕಡೆ ಹೋಗಲು ಮೂಲನಿವಾಸಿಗಳ ಭೂಮಂಡಳಿಯಾದ ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನ ಪರ್ಮಿಟ್ ಬೇಕು, ಮುಂಚೆಯೇ ಮಾಡಿಸಿ. ಸೇತುವೆ ದಾಟುವ ಮೊದಲು ಉಬ್ಬರದ ವೇಳಾಪಟ್ಟಿ ನೋಡಿ. ನೀರು ಏರಿದಾಗ ಕಾರುಗಳು ಕೊಚ್ಚಿಹೋಗಿವೆ, ಆ ನೀರಿನ ತುಂಬ ಮೊಸಳೆ.

ಜಲಪಾತಕ್ಕೆ ಬರೋಣ. ನೀವು ಸಾಗರದವರು, ಜೋಗದ ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ಮಳೆಯಲ್ಲಿ ನೋಡಿದ ಜೋಗ ಬೇರೆ, ಏಪ್ರಿಲ್‌ನಲ್ಲಿ ನೋಡಿದ ಜೋಗ ಬೇರೆ. ಇಲ್ಲೂ ಅದೇ, ಕಾಲ ಮಾತ್ರ ತಿರುವುಮುರುವು. ಬಿನಿಂಜ್ ಜನರಿಗೆ ವರ್ಷಕ್ಕೆ ಆರು ಕಾಲ, ನಮ್ಮ ಆರು ಋತುಗಳ ಹಾಗೆ. ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ ಗುಜೆವ್ಗ್, ಜಡಿಮಳೆ. ಏಪ್ರಿಲ್‌ನ ಬಂಗರೆಂಗ್‌ನಲ್ಲಿ ಆಳೆತ್ತರದ ಈಟಿಹುಲ್ಲನ್ನು ಮಲಗಿಸಿಬಿಡುವ ಬಿರುಗಾಳಿ. ಆಮೇಲೆ ಯೆಗ್ಗೆ. ಜೂನ್ ನಡುವಿನಿಂದ ಆಗಸ್ಟ್ ನಡುವಿನ ತನಕ ವುರ್ಗೆಂಗ್, ತಣ್ಣನೆಯ ಒಣ ದಿನಗಳು. ಅದಾದ ಮೇಲೆ ಗುರುಂಗ್‌ನ ಉರಿ, ಕೊನೆಗೆ ಗುನುಮೆಲೆಂಗ್‌ನ ಗುಡುಗು. ನೀವು ಬರುವುದು ವುರ್ಗೆಂಗ್‌ನಲ್ಲಿ. ನಡೆಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ದಾರಿಯ ಪಕ್ಕ ಹೊಗೆ, ಸಣ್ಣ ಬೆಂಕಿ ಕಂಡರೆ ಗಾಬರಿ ಬೇಡ. ಹುಲ್ಲು ಪೂರ್ತಿ ಒಣಗುವ ಮೊದಲೇ ತುಂಡು ತುಂಡಾಗಿ ಸುಡುವುದು ಅವರ ಹಳೆಯ ಪದ್ಧತಿ, ಅದರಿಂದಲೇ ಮುಂದಿನ ದೊಡ್ಡ ಕಾಳ್ಗಿಚ್ಚು ತಪ್ಪುವುದು.

ಜಿಮ್ ಜಿಮ್ ಜಲಪಾತ, ಸುಮಾರು 200 ಮೀಟರ್ ಎತ್ತರ. ಫೆಬ್ರವರಿಯಲ್ಲಿ ಇಡೀ ಗೋಡೆ ಗರ್ಜಿಸುತ್ತದೆ, ಆದರೆ ಆಗ ರಸ್ತೆ ನೀರಿನಡಿಯಲ್ಲಿ, ವಿಮಾನದಿಂದ ಮಾತ್ರ ನೋಡಬಹುದು. ರಸ್ತೆ ತೆರೆಯುವುದು ಮೇ, ಜೂನ್ ಹೊತ್ತಿಗೆ, ಅಷ್ಟರಲ್ಲಿ ನೀರು ಇಳಿಯುತ್ತಾ ಬರುತ್ತದೆ. ಜುಲೈ ಮೊದಲ ವಾರ ಸಾಮಾನ್ಯವಾಗಿ ಧಾರೆ ಉಳಿದಿರುತ್ತದೆ. ಹೆದ್ದಾರಿಯಿಂದ ಸುಮಾರು 60 ಕಿಲೋಮೀಟರ್ ಒರಟು ದಾರಿ, ಕೊನೆಯ 10 ಕಿಲೋಮೀಟರ್‌ಗೆ ಎತ್ತರದ ಫೋರ್ ವೀಲ್ ಡ್ರೈವ್ ಇಲ್ಲದೆ ಆಗುವುದಿಲ್ಲ. ಬಾಡಿಗೆ ಕಾರಿನ ಕರಾರು ಓದಿ, ಎಷ್ಟೋ ಕಂಪನಿಗಳು ಈ ದಾರಿಗೆ ಬಿಡುವುದಿಲ್ಲ. ಅಲ್ಲಿಂದ ಒಂದು ಕಿಲೋಮೀಟರ್ ನಡಿಗೆ. ಒಂದೇ ಕಿಲೋಮೀಟರ್ ಅಲ್ವಾ ಅಂದುಕೊಳ್ಳಬೇಡಿ. ಕಾರಿನಷ್ಟು ದೊಡ್ಡ ಬಂಡೆಗಳ ಮೇಲೆ ಹತ್ತಿ ಇಳಿದು ಹೋಗಬೇಕು, ಒಂದು ಗಂಟೆ ಹಿಡಿಯುತ್ತದೆ.

ಆದರೆ ನನ್ನನ್ನು ಕೇಳಿದರೆ ಮಗುಕ್. ಎತ್ತರ ಏನೂ ಅಲ್ಲ, ಹೋಗಿಬರಲು ಎರಡು ಕಿಲೋಮೀಟರ್. ಒಣ ಕಾಡಿನಿಂದ ಒಮ್ಮೆಲೇ ತಂಪಾದ ಮಳೆಕಾಡಿಗೆ ಕಾಲಿಟ್ಟ ಹಾಗಾಗುತ್ತದೆ, ಆಮೇಲೆ ಹೊಳೆಗುಂಟ ಕಲ್ಲು, ಕೊನೆಯಲ್ಲಿ ತಿಳಿನೀರಿನ ದೊಡ್ಡ ಮಡು. ಮಗುಕ್ ವರ್ಷವಿಡೀ ಹರಿಯುತ್ತದೆ. ಕಾರಣ ಮರಳುಗಲ್ಲೇ. ಮಳೆಗಾಲದಲ್ಲಿ ಪ್ರಸ್ಥಭೂಮಿ ಬಿರುಕುಗಳ ಮೂಲಕ ನೀರು ಕುಡಿದು ಇಟ್ಟುಕೊಳ್ಳುತ್ತದೆ, ಒಣಗಾಲದ ಉದ್ದಕ್ಕೂ ಬುಡದಿಂದ ನಿಧಾನಕ್ಕೆ ಬಿಡುತ್ತದೆ. ದಕ್ಷಿಣದ ಯುರ್ಮಿಕ್‌ಮಿಕ್ ಭಾಗದ ಮೋಟರ್ ಕಾರ್ ಜಲಪಾತಕ್ಕೆ ಹೋಗಿಬರಲು ಏಳೂವರೆ ಕಿಲೋಮೀಟರ್ ನಡೆಯಬೇಕು, ಅದಕ್ಕೇ ಜನ ಕಮ್ಮಿ. ಯಾವುದು ತೆರೆದಿದೆ ಯಾವುದು ಮುಚ್ಚಿದೆ ಅನ್ನುವುದು ವರ್ಷ ವರ್ಷ, ಕೆಲವೊಮ್ಮೆ ವಾರ ವಾರ ಬದಲಾಗುತ್ತದೆ. ಉದ್ಯಾನದವರು ಆಗಾಗ ಪ್ರಕಟಿಸುವ ಪ್ರವೇಶ ವರದಿಯನ್ನು ಹೊರಡುವ ಹಿಂದಿನ ದಿನ ನೋಡಿ.

ಮೊಸಳೆ ಭಯ ಪೂರ್ತಿ ನಿಜ. ಉಪ್ಪುನೀರಿನ ಮೊಸಳೆ ಅಂದರೆ ಉಪ್ಪುನೀರಲ್ಲೇ ಇರುತ್ತದೆ ಅಂತಲ್ಲ, ನದಿಗುಂಟ ಒಳನಾಡಿನ ತನಕ ಬರುತ್ತದೆ, ಐದು ಮೀಟರ್ ದಾಟಿ ಬೆಳೆಯುತ್ತದೆ. 1971ರಲ್ಲಿ ಇಲ್ಲಿ ಬೇಟೆ ನಿಂತ ಮೇಲೆ ಸಂಖ್ಯೆ ಮತ್ತೆ ಏರಿದೆ. ಪ್ರತಿ ಮಳೆಗಾಲದ ನಂತರ ರೇಂಜರ್‌ಗಳು ಜಿಮ್ ಜಿಮ್‌ನಂಥ ಮಡುಗಳಲ್ಲಿ ರಾತ್ರಿ ದೀಪ ಹಾಕಿ ಹುಡುಕುತ್ತಾರೆ, ಬೋನು ಇಡುತ್ತಾರೆ, ತೇಲುವ ಚೆಂಡುಗಳನ್ನು ನೀರಿಗೆ ಬಿಟ್ಟು ಅದರ ಮೇಲೆ ಹಲ್ಲಿನ ಗುರುತು ಬಿದ್ದಿದೆಯಾ ಅಂತ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೂ ‘ಮೊಸಳೆ ಇಲ್ಲವೇ ಇಲ್ಲ’ ಅಂತ ಯಾರೂ ಬರೆದುಕೊಡುವುದಿಲ್ಲ. ನನ್ನ ಮನೆಯ ನಿಯಮ ಹೀಗೆ. ತಗ್ಗಿನ ಯಾವ ಹೊಳೆಗೂ, ಹೊಳೆ ಬಿಟ್ಟುಹೋದ ಕೊಳವಾದ ಬಿಲ್ಲಬಾಂಗ್‌ಗೂ ಮಂಡಿಯುದ್ದ ಕೂಡ ಇಳಿಯುವುದಿಲ್ಲ. ಕೈ ತೊಳೆಯಲೂ ದಡದಲ್ಲಿ ಕೂರುವುದಿಲ್ಲ. ಟೆಂಟ್ ನೀರಿನಿಂದ 50 ಮೀಟರ್ ಆಚೆ. ಈಜುವುದು ಪ್ರಸ್ಥಭೂಮಿಯ ಮೇಲಿನ, ಪರ್ಮಿಟ್ ಕೊಡುವಾಗ ರೇಂಜರ್ ಸರಿ ಅಂದ ಮಡುಗಳಲ್ಲಿ ಮಾತ್ರ. ಬೋರ್ಡ್ ಹಾಕಿದ್ದಾರೆ ಅಂದರೆ ಅದಕ್ಕೆ ಕಾರಣ ಇದೆ.

ಆದರೂ ನಡೆಯುವವರನ್ನು ಇಲ್ಲಿ ಕೆಡವುವುದು ಹೆಚ್ಚಾಗಿ ಬಿಸಿಲೇ. ಜುಲೈನಲ್ಲಿ ಮಧ್ಯಾಹ್ನ 32 ಡಿಗ್ರಿ ಅಷ್ಟೇ, ಕಾಗದದ ಮೇಲೆ ಏನೂ ಅಲ್ಲ. ಆದರೆ ಸುತ್ತ ಕಲ್ಲು, ಕೆಳಗೂ ಕಲ್ಲು, ಕಾವಲಿಯ ಮೇಲೆ ನಿಂತ ಹಾಗೆ. ರಾತ್ರಿ ಹೊರಗೆ ತಂಗುವ ನನ್ನ ಮೊದಲ ನಡಿಗೆಯಲ್ಲಿ ನಾವು ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಮಲೆನಾಡಿನ ಅಭ್ಯಾಸ, ಹತ್ತು ಗಂಟೆ ಅಂದರೆ ತಡ ಅನಿಸಲಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಜೊತೆಗಿದ್ದ ಗೆಳತಿ ಮಾತು ನಿಲ್ಲಿಸಿದಳು. ಕೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸುತ್ತಿದ್ದಳು. ಮುಖ ಕೆಂಪು, ಕೈ ನಡುಕ. ಅದೃಷ್ಟಕ್ಕೆ ಪಕ್ಕದ ಸಂದಿಯಲ್ಲಿ ಅನ್ಬಿನಿಕ್ ಮರಗಳಿದ್ದವು, ಈ ಕಲ್ಲುಸೀಮೆಯಲ್ಲಿ ಮಾತ್ರ ಬೆಳೆಯುವ ದಟ್ಟ ನೆರಳಿನ ಮರ. ಅಂಗಿ ಒದ್ದೆ ಮಾಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ ಸಂಜೆ ಐದರ ತನಕ ಅಲ್ಲೇ ಕೂತೆವು. ಅವತ್ತು ತಲುಪಬೇಕಿದ್ದ ಜಾಗ ಬಿಟ್ಟು ಮರುದಿನ ವಾಪಸ್ ಬಂದೆವು. ಅಂದಿನಿಂದ ಬೆಳಕು ಹರಿಯುವಾಗಲೇ ಹೆಜ್ಜೆ, ಹನ್ನೊಂದಕ್ಕೆ ನೆರಳು, ಮೂರರ ಮೇಲೆ ಮತ್ತೆ. ಮಾತಾಡುವವರು ಮಾತು ನಿಲ್ಲಿಸಿದರೆ ನಡಿಗೆಯೂ ನಿಲ್ಲಬೇಕು.

ಎರಡು ರಾತ್ರಿಯ ನಡಿಗೆಗೆ ಉದ್ಯಾನದ ಪರ್ಮಿಟ್ ಕಡ್ಡಾಯ. ನಕ್ಷೆಯ ಮೇಲೆ ದಾರಿ, ರಾತ್ರಿ ತಂಗುವ ಜಾಗ, ಬರುವವರ ವಿವರ ಎಲ್ಲ ಕೊಡಬೇಕು. ಇದನ್ನು ಬರೀ ಕಚೇರಿ ಕಾಗದ ಅಂದುಕೊಳ್ಳಬೇಡಿ. ‘ಈ ತಿರುವಿನಲ್ಲಿ ಎಡಕ್ಕೆ ಹೋಗಬೇಡಿ’ ಅಂತ ಅವರು ಬದಲಾಯಿಸಿ ಕೊಟ್ಟರೆ ಅದಕ್ಕೆ ಹೇಳದ ಕಾರಣ ಒಂದಿರುತ್ತದೆ. ಕಾರಣ ಕೇಳದೆ ಒಪ್ಪಿಕೊಳ್ಳಿ. ಒಪ್ಪಿದ ದಾರಿಯಲ್ಲಿ ನಡೆಯುವಾಗ ಆಕಸ್ಮಾತ್ ಒಂದು ಚಿತ್ರ ಎದುರಾದರೆ ದೂರದಿಂದ ನೋಡಿ, ಬೇಕಿದ್ದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಫೋಟೊವನ್ನು ಜಾಗದ ಗುರುತಿನ ಜೊತೆ ಎಲ್ಲೂ ಹಾಕಬೇಡಿ. ಕಲ್ಲಾಸರೆಯೊಳಗೆ ಟೆಂಟ್ ಹಾಕಬೇಡಿ, ಒಲೆ ಹೂಡಬೇಡಿ. ಎಲುಬುಗಳು ಕಂಡರೆ ಅದು ಹಿರಿಯರನ್ನು ಇಟ್ಟ ಜಾಗ, ಕೂಡಲೇ ಹಿಂದೆ ಸರಿಯಿರಿ.

ದಾರಿಯಿಲ್ಲದ ಮರಳುಗಲ್ಲಿನಲ್ಲಿ ಗಂಟೆಗೆ ಒಂದರಿಂದ ಎರಡು ಕಿಲೋಮೀಟರ್ ಲೆಕ್ಕ ಹಾಕಿ, ದಿನಕ್ಕೆ ಎಂಟರ ಮೇಲೆ ಬೇಡ. ಕುದುರೆಮುಖದ ಹಾಗೆ ಹುಲ್ಲಿನ ಇಳಿಜಾರು ಅಲ್ಲ ಇದು. ಸ್ಪಿನಿಫೆಕ್ಸ್ ಅನ್ನುವ ಮುಳ್ಳುಹುಲ್ಲು ಸೂಜಿಯ ಹಾಗೆ ಮೊಣಕಾಲಿಗೆ ಚುಚ್ಚುತ್ತದೆ, ಕಾಲಿಗೆ ಸುತ್ತಿಕೊಳ್ಳುವ ಗೇಟರ್ ಕವಚ ಬೇಕೇ ಬೇಕು. ಶೂ ವಿಷಯದಲ್ಲಿ ಇಲ್ಲಿಯ ಹಳಬರು ಡನ್ಲಪ್ ವಾಲಿ ಅನ್ನುವ ಸಾದಾ ಕ್ಯಾನ್ವಾಸ್ ಶೂವನ್ನೇ ನೆಚ್ಚುತ್ತಾರೆ, ಮೆತ್ತನೆ ರಬ್ಬರ್ ಒಣ ಕಲ್ಲಿಗೆ ಹಲ್ಲಿಯ ಹಾಗೆ ಅಂಟುತ್ತದೆ. ನಿಮಗೆ ಪಾದದ ಗಂಟಿಗೆ ಆಸರೆ ಬೇಕೆನಿಸಿದರೆ ಹಳೆಯ ಬೂಟೇ ಇರಲಿ, ಹೊಸದು ಮಾತ್ರ ಬೇಡ. ಒಬ್ಬೊಬ್ಬರಿಗೆ ಕನಿಷ್ಠ ನಾಲ್ಕು ಲೀಟರ್ ನೀರು ಹೊರುವ ವ್ಯವಸ್ಥೆ. ಹಾವು ಕಚ್ಚಿದರೆ ಬಿಗಿಯಾಗಿ ಸುತ್ತಲು ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಮೂರು. ಜಬಿರು ಬಿಟ್ಟರೆ ಫೋನ್ ಸಿಗುವುದು ಕಷ್ಟ, ಅದಕ್ಕೇ ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ ಬಾಡಿಗೆಗೆ ತನ್ನಿ, ಅದನ್ನು ಚೀಲದಲ್ಲಲ್ಲ, ಸೊಂಟಕ್ಕೆ ಕಟ್ಟಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಡಾರ್ವಿನ್‌ನಲ್ಲೇ ಕೊಳ್ಳಿ. ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಟ್ಟಿ ಅವಲಕ್ಕಿ, ಹುರಿದ ಶೇಂಗಾ, ಚಟ್ನಿಪುಡಿ, ಬೆಲ್ಲ. ಬಿಸಿಲಲ್ಲಿ ಕೆಡುವುದಿಲ್ಲ, ಒಲೆ ಹಚ್ಚದಿದ್ದರೂ ನಡೆಯುತ್ತದೆ. ಮಡುವಿಗೆ ಇಳಿಯುವ ಮೊದಲು ಮೈಗೆ ಹಚ್ಚಿದ ಸನ್‌ಸ್ಕ್ರೀನ್ ಒರೆಸಿಕೊಳ್ಳಿ, ನಿಂತ ನೀರು ಸಣ್ಣದು, ಕುಡಿಯುವ ಪ್ರಾಣಿಗಳು ಜಾಸ್ತಿ.

ನನ್ನ ಸಲಹೆ, ಎಂಟು ದಿನ ಇಟ್ಟುಕೊಳ್ಳಿ. ಮೊದಲ ಎರಡು ದಿನ ಉಬಿರ್, ಬುರುಂಗ್ಕುಯ್, ನಂಗುಲುವೂರ್. ಮೂರನೆಯ ದಿನ ಇಂಜಲಾಕ್. ನಾಲ್ಕನೆಯ ದಿನ ಬಾರ್ಕ್ ನಡಿಗೆ, 12 ಕಿಲೋಮೀಟರ್ ಸುತ್ತು, ಕಲ್ಲುಸೀಮೆಯ ನಡುವಿನಿಂದ. ಬಾರ್ಕ್ ಅಂದರೆ ಅಲ್ಲಿಯ ಕರಿ ವಾಲರೂ, ಕಾಂಗರೂ ಜಾತಿಯದು, ಮುಂಜಾನೆ ಕಂಡರೂ ಕಾಣಬಹುದು. ಈ ನಡಿಗೆಯೇ ನಿಮಗೆ ಪರೀಕ್ಷೆ. ಮಗಳು ಇದನ್ನು ಆರಾಮಾಗಿ ಮುಗಿಸಿದರೆ ಎರಡು ರಾತ್ರಿಯ ನಡಿಗೆಗೆ ಹೊರಡಿ. ಸುಸ್ತಾದರೆ ಅದನ್ನು ಬಿಟ್ಟು ಮಗುಕ್ ಮತ್ತು ಜಿಮ್ ಜಿಮ್‌ಗೆ ದಿನಕ್ಕೊಂದರಂತೆ ಹೋಗಿ, ಏನೂ ಕಳೆದುಕೊಂಡ ಹಾಗಾಗುವುದಿಲ್ಲ.

ಪರ್ಮಿಟ್ ಅರ್ಜಿಗಳನ್ನು ಏಪ್ರಿಲ್ ಕೊನೆಗೇ ಹಾಕಿ, ಉತ್ತರ ಬರಲು ವಾರಗಳು ಹಿಡಿಯಬಹುದು. ಹಾಗೇ ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಉಬಿರ್‌ನ ಚಾವಣಿಯ ಮಿಮಿ ಚಿತ್ರ ಬರಿಗಣ್ಣಿಗೆ ಕೆಂಪು ಗೀರುಗಳ ಹಾಗೆ ಕಾಣುತ್ತದೆ. ಬೈನಾಕ್ಯುಲರ್ ಹಿಡಿದು ಅಂಗಾತ ಬಂಡೆಗೆ ಒರಗಿ ನೋಡಲು ಮಗಳಿಗೆ ಹೇಳಿ, ನಿಧಾನಕ್ಕೆ ಕೈಕಾಲುಗಳು ಬಿಡಿಬಿಡಿಯಾಗಿ ಕಾಣಲು ಶುರುವಾಗುತ್ತವೆ.